ಗಾಡಿಗೆ ಕಾಣದ ಕೋಟು

ಅತಿಥಿಗಳು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಚಾಲಕನಿಲ್ಲದ ಗಾಡಿ ಕಾದ ಎರಕದ ತುಂಡುಗಳನ್ನು ಹೊತ್ತು, ನೀರಿನ ತೊಟ್ಟಿಯಿಂದ ಏಳುತ್ತಿದ್ದ ದಟ್ಟ ಆವಿಯೊಳಗೆ ಒಮ್ಮೆಯೂ ತಡವರಿಸದೆ ನುಗ್ಗಿತ್ತು. ಅದನ್ನು ನೋಡಲೆಂದೇ ದೂರದಿಂದ ಬಂದಿದ್ದ ಖರೀದಿದಾರರಿಗೆ ಇನ್ನೇನು ಬೇಕು? ಕಾರ್ಖಾನೆಯ ಮ್ಯಾನೇಜರ್ ಮುಖ ಮೊರದಗಲವಾಗಿತ್ತು. ಆಮೇಲೆ ಆವಿ ತೆಳುವಾಯಿತು. ಗಾಡಿ ಆಚೆ ಬದಿಗೆ ಬಂದಿರಲಿಲ್ಲ. ಗೋಡೆಗೆ ಏನನ್ನೋ ಒತ್ತಿಹಿಡಿದು ನಿಂತಿತ್ತು — ನಿಂತಿತ್ತು ಎನ್ನುವುದೂ ತಪ್ಪು, ಚಕ್ರಗಳು ಇನ್ನೂ ತಿರುಗುತ್ತಿದ್ದವು. ಬೆಳ್ಳಿಯಂತೆ ಹೊಳೆಯುವ ತೋಳೊಂದು ಗಾಡಿಯ ಮೂತಿಯ ಮೇಲೆ ಜೋತುಬಿದ್ದಿತ್ತು.

ಹಿಂದಿನ ಸಾಲಿನವರ ಚಪ್ಪಾಳೆ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

ಸತ್ತವನು ಎರಕ ಹೊಯ್ಯುವವನು. ಕೆಲಸ ಮಾಡುವಾಗ ಸದಾ ಶಿಳ್ಳೆ ಹಾಕುತ್ತಿದ್ದನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಶಿಳ್ಳೆಯೇ. ಅವನಿಗೆ ಅಲ್ಲಿ ಕೆಲಸ ಕೊಡಿಸಿದ್ದು ಹೆಂಡತಿಯ ಅಣ್ಣ. ಆ ಗಾಡಿಗೆ ಕಣ್ಣು ಕೊಟ್ಟ ಎಂಜಿನಿಯರೂ ಅವನೇ.

ಸರ್ಕಾರದ ಕಡೆಯಿಂದ ತನಿಖಾಧಿಕಾರಿ ಬರುವಷ್ಟರಲ್ಲಿ ನೆಲ ತೊಳೆದಾಗಿತ್ತು. ಅಪರಾಧಿಯೂ ಸಿಕ್ಕಾಗಿತ್ತು. ಕಾರ್ಖಾನೆಗಳಲ್ಲಿ ಸತ್ತವರ ಲೆಕ್ಕ ನೋಡುವುದರಲ್ಲೇ ತಲೆಗೂದಲು ಹಣ್ಣಾಗಿಸಿಕೊಂಡಿದ್ದ ಹೆಂಗಸು ಆಕೆ. ತೊಳೆದ ನೆಲ ಅವಳಿಗೆ ಹೊಸದಲ್ಲ. ಇಷ್ಟು ಬೇಗ ಅಪರಾಧಿ ಸಿಗುವುದೂ ಹೊಸದಲ್ಲ.

ಇನ್ಸ್‌ಪೆಕ್ಟರ್ ಕೇಸು ಮುಗಿದಂತೆಯೇ ಮಾತಾಡಿದ. ಸಿಕ್ಕವನು ಗೇರಣ್ಣ. ಈ ಗಾಡಿಗಳು ಬರುವ ಮುಂಚೆ ಅದೇ ದಾರಿಯಲ್ಲಿ ಲೋಡರ್ ಓಡಿಸುತ್ತಿದ್ದವನು; ಈಗ ಅವನ ಕೈಗೆ ಪೊರಕೆ ಕೊಟ್ಟಿದ್ದರು. ಆ ದರಿದ್ರ ಗಾಡಿಯ ಕಣ್ಣು ಕೀಳದಿದ್ದರೆ ಕೇಳಿ ಎಂದು ಅವನು ಎಲ್ಲರೆದುರು ಕೂಗಾಡಿದ್ದುಂಟು. ಅವತ್ತು ಬೆಳಿಗ್ಗೆ ಎಣ್ಣೆ ಬಟ್ಟೆ ಹಿಡಿದು ಗಾಡಿಯ ಕಣ್ಣಿನ ಹತ್ತಿರ ಕೂತಿದ್ದನ್ನು ಕಾವಲುಗಾರ ನೋಡಿದ್ದಾನೆ. ಕೇಳಿದ್ದಕ್ಕೆ ಒಪ್ಪಿಕೊಂಡೂ ಬಿಟ್ಟಿದ್ದಾನೆ. ಗಾಡಿಯಲ್ಲೇ ದೋಷವಿಲ್ಲ ಎಂದು ತೋರಿಸಿಬಿಟ್ಟರೆ ಆಯಿತು.

ಅದನ್ನು ತೋರಿಸಲು ಎಂಜಿನಿಯರ್ ಬಂದ. ಕ್ಷೌರ ಕಂಡಿರದ ಮುಖ, ಕೆಂಪಡರಿದ ಕಣ್ಣು. ತಂಗಿಯ ಮನೆಯಲ್ಲೇ ಇದ್ದಾನೆ, ಸರಿಯಾಗಿ ಊಟ ಮಾಡಿಲ್ಲ ಎಂದು ಮ್ಯಾನೇಜರ್ ಕಿವಿಯಲ್ಲಿ ಹೇಳಿದರು.

ಗಾಡಿ ಹೇಗೆ ನೋಡುತ್ತದೆ ಎಂದು ತನಿಖಾಧಿಕಾರಿ ಕೇಳಿದಳು. ಮೂತಿಯಲ್ಲಿ ಲೇಸರ್ ಇದೆ, ಬೆಳಕನ್ನು ಎಸೆಯುತ್ತದೆ, ಎದುರಿಗಿದ್ದದ್ದಕ್ಕೆ ಬಡಿದು ಅದು ಮರಳಿ ಬರಲು ಹಿಡಿದ ಹೊತ್ತಿನಿಂದ ದೂರ ಗೊತ್ತಾಗುತ್ತದೆ ಎಂದು ಅವನು ವಿವರಿಸಿದ. ಮೊದಲಿನ ಗಾಡಿಗಳು ಆವಿಯನ್ನೇ ಗೋಡೆಯೆಂದು ತಿಳಿದು ಮಾರಿಗೊಮ್ಮೆ ನಿಲ್ಲುತ್ತಿದ್ದವಂತೆ.

"ಈಗ ಯಾಕೆ ನಿಲ್ಲಲ್ಲ?"

"ಲೇಸರ್ ಬೆಳಕು ಒಂದೇ ದಿಕ್ಕಲ್ಲಿ ಕಂಪಿಸುತ್ತೆ, ಮೇಡಂ. ಧ್ರುವೀಕರಣ ಅಂತೀವಿ. ಆವಿಯ ಹನಿ ಸಣ್ಣ ಗುಂಡಿನ ಥರ, ನುಣ್ಣಗಿರುತ್ತೆ. ಅದಕ್ಕೆ ಬಡಿದು ಬಂದ ಬೆಳಕಿನ ದಿಕ್ಕು ಹಾಗೇ ಇರುತ್ತೆ. ಬಟ್ಟೆ, ಮರ, ಮೈ — ಒರಟಾಗಿರೋದಕ್ಕೆ ಬಡಿದ್ರೆ ದಿಕ್ಕು ಚದುರಿಹೋಗುತ್ತೆ. ಚದುರಿದ್ದನ್ನ ಮಾತ್ರ ಒಳಗೆ ಬಿಡೋ ಹಾಳೆ ಒಂದನ್ನ ಕಣ್ಣಿಗೆ ಹಾಕಿದೀವಿ. ಆವಿ ಕಾಣಲ್ಲ, ಮನುಷ್ಯ ಕಾಣ್ತಾನೆ."

ಲೇಸರಿನ ಕೆಳಗೆ ಎರಡು ಪುಟ್ಟ ಗಾಜಿನ ಕಿಟಕಿಗಳಿದ್ದವು. ಎರಡು ಯಾಕೆ ಎಂದು ಕೇಳಿದಳು. ಎರಡೂ ಸೇರಿ ನೋಡುತ್ತವೆ ಎಂದಷ್ಟೇ ಹೇಳಿ ಅವನು ಮನುಷ್ಯನ ಬದಲಿಗೆ ಮರದ ಬೊಂಬೆ ನಿಲ್ಲಿಸಲು ಹೋದ. ಮೂಲೆಯ ರದ್ದಿ ರಾಶಿಯಿಂದ ಶಾಖ ತಡೆಯುವ ಕೋಟೊಂದನ್ನು ಎತ್ತಿದ, ಬಿಟ್ಟ. ಇನ್ನೊಂದನ್ನು ಎತ್ತಿ ತಿರುಗಿಸಿ ನೋಡಿದ, ಅದನ್ನೂ ಬಿಟ್ಟ. ಕೊನೆಗೆ ಪೂರ್ತಿ ಮಸಿ ಹಿಡಿದದ್ದೊಂದನ್ನು ಬೊಂಬೆಗೆ ತೊಡಿಸಿದ.

ಆವಿ ಎಬ್ಬಿಸಿದರು. ಗಾಡಿ ಬೊಂಬೆಯ ಮುಂದೆ ನಿಂತಿತು. ಮತ್ತೆ ಬಿಟ್ಟರು, ಮತ್ತೆ ನಿಂತಿತು. ಇನ್ಸ್‌ಪೆಕ್ಟರ್ ಕೈ ಒದರಿಕೊಂಡ. ಯಂತ್ರ ಸರಿಯಿದೆ, ಅಂದಮೇಲೆ ಅವತ್ತು ಯಾರೋ ಕೈಯಾಡಿಸಿದ್ದಾರೆ. ಇನ್ನು ಕೇಳುವುದೇನಿದೆ?

ಅವಳು ಠಾಣೆಗೆ ಹೋದಳು. ಗೇರಣ್ಣ ಗೋಡೆಗೊರಗಿ ಕೂತಿದ್ದ. ತುಟಿ ಊದಿತ್ತು. ಬಲಗಿವಿಯ ಕಡೆಯಿಂದ ಮಾತಾಡಿದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಅವಳು ಎಡಕ್ಕೆ ಬಂದು ಕುಕ್ಕರಗಾಲಲ್ಲಿ ಕೂತಳು.

"ಒಪ್ಕೊಂಡಿದೀರಂತೆ?"

"ಹೂಂ."

"ನೀವೇ ಮಾಡಿದ್ರಾ?"

ಅವನು ಬಾಗಿಲ ಕಡೆ ನೋಡಿದ. "ಅದನ್ನ ಯಾರೂ ಕೇಳ್ಲಿಲ್ಲ, ಮೇಡಂ. ಒಪ್ತೀಯೋ ಇಲ್ವೋ ಅಂತ ಮಾತ್ರ ಕೇಳಿದ್ರು."

"ಮತ್ತೆ ಬಟ್ಟೆ ಹಿಡ್ಕೊಂಡು ಅಲ್ಲೇನು ಮಾಡ್ತಿದ್ರಿ?"

"ಶಿಳ್ಳೆನೇ ಹೇಳಿದ್ದು. ಗಾಜಿಗೆ ಮಸಿ ಕೂತಿದೆ, ಒರೆಸಿಬಿಡಣ್ಣ, ಬಂದವರ ಮುಂದೆ ನಮ್ಮ ಭಾವನ ಮರ್ಯಾದೆ ಹೋಗ್ಬಾರ್ದು ಅಂದ. ಬೈಕೊಂಡೇ ಒರೆಸಿದೆ. ಅದು ಕುರುಡಾದ್ರೆ ಸಾಯೋರು ನಮ್ಮೋರೇ ಅಲ್ವಾ?"

ನಂಬುವುದೋ ಬಿಡುವುದೋ ಅವಳಿಗೇ ಗೊತ್ತಾಗಲಿಲ್ಲ. ನಂಬಿದರೂ ಮಾಡುವುದೇನು? ಯಂತ್ರ ಎಲ್ಲರ ಕಣ್ಣೆದುರೇ ನಿಂತು ತೋರಿಸಿತ್ತು.

ಶಿಳ್ಳೆಯ ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಮಹಡಿ ಮೆಟ್ಟಿಲಿನ ಕೆಳಗೆ. ಒಂದು ಕೋಣೆ, ಒಂದು ಅಡುಗೆಮನೆ. ಅವನ ಹೆಂಡತಿ ನೆಲದ ಮೇಲೆ ಕೂತಿದ್ದಳು. ಮಗು ಅವಳ ಮಡಿಲಲ್ಲೇ ನಿದ್ದೆಹೋಗಿತ್ತು. ಅಣ್ಣ ಮಗುವಿಗೆ ಹಾಲು ತರಲು ಹೋಗಿದ್ದಾನೆ, ಈಗ ಬರುತ್ತಾನೆ ಎಂದಳು. ಅಪ್ಪ ಅಮ್ಮ ಹೋದ ಮೇಲೆ ತನ್ನನ್ನು ಸಾಕಿದ್ದು ಅವನೇ, ಮದುವೆ ಮಾಡಿದ್ದೂ ಅವನೇ. ಯಾರು ಹೀಗೆ ಮಾಡಿದರು ಎಂದು ಪತ್ತೆಯಾಗುವವರೆಗೆ ಅಣ್ಣ ಸುಮ್ಮನಿರುವುದಿಲ್ಲ ಎಂಬ ಧೈರ್ಯವೊಂದೇ ಅವಳಲ್ಲಿ ಉಳಿದಂತಿತ್ತು.

ಆಸ್ಪತ್ರೆಯವರು ವಾಪಸು ಕೊಟ್ಟ ಚೀಲವನ್ನು ತನಿಖಾಧಿಕಾರಿ ಕೇಳಿದಳು. ಅದರಲ್ಲಿ ಚಪ್ಪಲಿ, ಬೀಗದ ಕೈ, ಮತ್ತು ಕೋಟು. ಬೆನ್ನಿನ ಭಾಗ ಹರಿದಿತ್ತು. ತೋಳನ್ನು ಬಿಡಿಸಿದಾಗ ಅದರಲ್ಲಿ ಅವಳಿಗೆ ತನ್ನದೇ ಮುಖ ಕಾಣಿಸಿತು. ಡೊಂಕುಡೊಂಕಾಗಿ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ.

"ಇದು ಯಾವಾಗಲೂ ಹೀಗೇ ಇರ್ತಿತ್ತಾ?"

"ಇಲ್ಲ. ಅವರ ಕೋಟು ಒಲೆ ಮೇಲಿನ ಪಾತ್ರೆ ತಳ ಇದ್ದಂಗಿತ್ತು. ಇದು ಹೊಸದು. ಬರೋರಿಗೆ ಚೆನ್ನಾಗಿ ಕಾಣಲಿ ಅಂತ ಅವತ್ತೇ ಎಲ್ಲರಿಗೂ ಕೊಟ್ರಂತೆ."

ತನಿಖಾಧಿಕಾರಿ ಆ ತೋಳನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದಳು. ಒರಟಾಗಿರುವುದಕ್ಕೆ ಬಡಿದರೆ ದಿಕ್ಕು ಚದುರುತ್ತದೆ ಎಂದಿದ್ದ ಎಂಜಿನಿಯರ್. ನುಣ್ಣಗಿದ್ದರೆ? ಆವಿಯ ಹನಿಯೂ ನುಣ್ಣಗೇ ಅಲ್ಲವೇ?

ಅಲ್ಲಿಂದ ನೇರ ಕಾರ್ಖಾನೆಗೆ ಬಂದಳು. ಹೊಸ ಕೋಟುಗಳೆಲ್ಲಿ ಎಂದರೆ ಮ್ಯಾನೇಜರ್ ಉಗ್ರಾಣದ ಬೀಗ ತೆಗೆಸಿದರು. ಎಲ್ಲವನ್ನೂ ವಾಪಸು ಪಡೆದು ಒಳಗಿಡಿ, ಹುಡುಗರ ಕಣ್ಣಿಗೆ ಬಿದ್ದರೆ ಅವನ ನೆನಪಾಗುತ್ತದೆ ಎಂದು ಎಂಜಿನಿಯರೇ ಅವತ್ತು ಹೇಳಿದ್ದನಂತೆ. ಪಾಪ, ಅಂಥ ಸ್ಥಿತಿಯಲ್ಲೂ ಬೇರೆಯವರ ಬಗ್ಗೆ ಯೋಚಿಸಿದ ಎಂದು ಮ್ಯಾನೇಜರ್ ನಿಟ್ಟುಸಿರು ಬಿಟ್ಟರು.

ಬೊಂಬೆಗೆ ಹೊಸ ಕೋಟು ತೊಡಿಸಿದರು. ಈ ಸಲ ಆವಿಯನ್ನೂ ಎಬ್ಬಿಸಲಿಲ್ಲ. ಹಗಲು ಬೆಳಕಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ಗಾಡಿ ಬೊಂಬೆಯನ್ನು ನೂಕಿಕೊಂಡು ಹೋಗಿ ಗೋಡೆಗೆ ಒತ್ತಿತು. ಮರ ಮುರಿದ ಸದ್ದಾಯಿತು. ಮ್ಯಾನೇಜರ್ ಅಲ್ಲೇ ಇದ್ದ ಡಬ್ಬದ ಮೇಲೆ ಕುಸಿದು ಕೂತರು.

"ಕೋಟು ಕೊಟ್ಟಿದ್ದು ನಾನು," ಎಂದರು. "ನಾನೇ ಕೊಂದೆನಾ?"

ಅವಳು ಗಾಡಿಯನ್ನು ಹಿಂದಕ್ಕೆ ತರಿಸಿ, ಅದು ನೋಡುವುದನ್ನೆಲ್ಲ ತೋರಿಸುವ ಪರದೆಯ ಮುಂದೆ ಇನ್ಸ್‌ಪೆಕ್ಟರನ್ನು ನಿಲ್ಲಿಸಿದಳು. ಎಡಗಿಟಕಿಯನ್ನು ಅಂಗೈಯಿಂದ ಮುಚ್ಚಿದಳು. ಚಿತ್ರ ಕದಲಲಿಲ್ಲ. ಬಲಗಿಟಕಿ ಮುಚ್ಚಿದಾಗ ಪರದೆ ಪೂರ್ತಿ ಕಪ್ಪಾಯಿತು. ಎರಡೂ ಸೇರಿ ನೋಡುತ್ತವೆ ಎಂದದ್ದು ಸುಳ್ಳು. ಒಂದು ಕಣ್ಣನ್ನು ಯಾರೋ ಒಳಗಿನಿಂದಲೇ ಮುಚ್ಚಿದ್ದರು.

ಸಂಜೆ ಇನ್ಸ್‌ಪೆಕ್ಟರನ್ನು ಕರೆದುಕೊಂಡು ಅವಳು ಮೆಟ್ಟಿಲ ಕೆಳಗಿನ ಮನೆಗೆ ಮರಳಿದಳು. ಎಂಜಿನಿಯರ್ ಊಟಕ್ಕೆ ಕೂತಿದ್ದ. ತಂಗಿ ಒತ್ತಾಯ ಮಾಡಿ ಬಡಿಸುತ್ತಿದ್ದಳು. ಸ್ವಲ್ಪ ಹೊರಗೆ ಬನ್ನಿ ಎಂದು ತನಿಖಾಧಿಕಾರಿ ಕರೆದಳು. ತಂಗಿಯೇ ಅಡ್ಡ ಬಂದಳು. ಏನಿದ್ದರೂ ಇಲ್ಲೇ ಹೇಳಿ, ತನ್ನಿಂದ ಮುಚ್ಚಿಡುವಂಥದ್ದು ಇನ್ನೇನು ಉಳಿದಿದೆ ಎಂದಳು.

"ಒಂದೇ ಪ್ರಶ್ನೆ," ಎಂದಳು ತನಿಖಾಧಿಕಾರಿ. "ಬೊಂಬೆಗೆ ಆ ಮಸಿ ಕೋಟು ಯಾಕೆ ತೊಡಿಸಿದ್ರಿ?"

"ಕೈಗೆ ಸಿಕ್ಕಿದ್ದು ಅದು."

"ಅಲ್ಲ. ಎರಡು ಎತ್ತಿ ನೋಡಿ ಬಿಟ್ರಿ. ಅವೆರಡರಲ್ಲೂ ಅಲ್ಲಲ್ಲಿ ಇನ್ನೂ ಹೊಳಪಿತ್ತು. ಗೊತ್ತಿಲ್ಲದವನು ಮೊದಲು ಸಿಕ್ಕಿದ್ದನ್ನೇ ತೊಡಿಸ್ತಿದ್ದ. ಹೊಳೆಯೋ ಕೋಟು ಗಾಡಿಗೆ ಕಾಣಲ್ಲ ಅನ್ನೋದು ಆ ಶೆಡ್ಡಿನಲ್ಲಿ ಒಬ್ಬರಿಗೇ ಗೊತ್ತಿತ್ತು."

ಅವನ ಕೈ ತಟ್ಟೆಯಲ್ಲೇ ನಿಂತಿತು.

ತನಿಖಾಧಿಕಾರಿ ನಿಧಾನವಾಗಿ ಹೇಳಿದಳು, ತಂಗಿಗೂ ಅರ್ಥವಾಗುವ ಹಾಗೆ. ಕನ್ನಡಿಯಂಥ ಕೋಟಿಗೆ ಬಡಿದ ಬೆಳಕು ದಿಕ್ಕು ಬದಲಿಸುವುದಿಲ್ಲ, ಆವಿಗೆ ಬಡಿದಂತೆಯೇ. ಆವಿಯನ್ನು ತಳ್ಳಿಹಾಕುವ ಹಾಳೆ ಆ ಮನುಷ್ಯನನ್ನೂ ತಳ್ಳಿಹಾಕಿತು. ಇಂಥದ್ದಾಗಬಾರದೆಂದೇ ಇರಬೇಕು, ಗಾಡಿಗೆ ಎರಡು ಕಣ್ಣಿಟ್ಟಿದ್ದರು: ಒಂದು ಚದುರಿದ ಬೆಳಕಿಗೆ, ಇನ್ನೊಂದು ಚದುರದೆ ಬಂದ ಬೆಳಕಿಗೆ. ಆ ಇನ್ನೊಂದನ್ನು ಮುಚ್ಚಿದವರು ಯಾರು? ಗೇರಣ್ಣನಿಗೆ ಗಾಜು ಒರೆಸಲಷ್ಟೇ ಗೊತ್ತು. ಮ್ಯಾನೇಜರಿಗೆ ಕೋಟು ಹಂಚಲಷ್ಟೇ ಗೊತ್ತು.

"ಮುಚ್ಚಿದ್ದು ನೀವು."

ಅವನು ಇಲ್ಲವೆನ್ನಲಿಲ್ಲ. ಎರಡು ಕಣ್ಣಿನ ಮಾತನ್ನೂ ಹೊಂದಿಸಿ ನೋಡುವ ಕೆಲಸ ಇನ್ನೂ ಮುಗಿದಿರಲಿಲ್ಲ. ಎರಡನೆಯದು ತೆರೆದರೆ ಗಾಡಿ ಆವಿಗೆ ಹೆದರಿ ನಿಲ್ಲುತ್ತಿತ್ತು. ಬಂದವರ ಮುಂದೆ ನಿಂತರೆ ವರ್ಷಗಟ್ಟಲೆ ಪಟ್ಟ ಪಾಡು ನೀರುಪಾಲು. "ಅಲ್ಲಿ ಹೊಳೆಯೋ ವಸ್ತು ಒಂದೂ ಇರ್ಲಿಲ್ಲ, ಮೇಡಂ. ಎಲ್ಲದಕ್ಕೂ ಮಸಿ. ಅವತ್ತು ಬೆಳಿಗ್ಗೆ ಕೋಟು ಬಂತು. ಅಷ್ಟರಲ್ಲಿ ಅವರೆಲ್ಲ ಬಂದು ನಿಂತಿದ್ರು. ಒಂದೇ ಒಂದು ಸುತ್ತು, ಆವಿ ಒಳಗೆ ಯಾರೂ ಹೋಗಲ್ಲ ಅಂದ್ಕೊಂಡೆ."

"ಗೇರಣ್ಣನ್ನ ಹಿಡಿದಾಗ?"

ಅವನು ತಲೆ ತಗ್ಗಿಸಿದ. ತಾನು ಹೋದರೆ ಇವರಿಬ್ಬರಿಗೆ ಯಾರಿದ್ದಾರೆ ಎಂದು ಗೊಣಗಿದ. ಇನ್ಸ್‌ಪೆಕ್ಟರ್ ಅದೇಕೋ ಗೋಡೆ ನೋಡುತ್ತಾ ನಿಂತ.

ತಂಗಿ ಇಷ್ಟು ಹೊತ್ತೂ ಸೌಟು ಹಿಡಿದೇ ನಿಂತಿದ್ದಳು.

"ಆ ಕೋಟಿನಲ್ಲಿ ಅವರನ್ನ ನೋಡಿದ್ಯಾ, ಅಣ್ಣ?"

"ನೋಡಿದೆ."

"ಏನಾದ್ರೂ ಅಂದ್ರಾ?"

"ಹೇಗೆ ಕಾಣ್ತೀನಿ ಭಾವ ಅಂತ ಕೇಳ್ದ."

"ನೀನೇನಂದೆ?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಚೆನ್ನಾಗಿ ಕಾಣ್ತೀಯ ಅಂದೆ."

ಅವಳು ಸೌಟನ್ನು ಪಾತ್ರೆಯೊಳಗಿಟ್ಟು, ಮಗುವನ್ನೆತ್ತಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಣ್ಣನನ್ನು ಕರೆದುಕೊಂಡು ಹೋಗುವಾಗಲೂ ತೆರೆಯಲಿಲ್ಲ.

ಆಮೇಲೆ ಆಗುವುದೆಲ್ಲ ಆಯಿತು. ಗೇರಣ್ಣನನ್ನು ಬಿಟ್ಟರು, ಬಲಗಿವಿಗೆ ಮಾತ್ರ ಮತ್ತೆ ಕೇಳಿಸಲಿಲ್ಲ. ಅವನಿಗೆ ಹೊಡೆದವರ ಬಗ್ಗೆ ಯಾರೂ ವಿಚಾರಿಸಲಿಲ್ಲ. ತಪ್ಪು ಒಬ್ಬ ಎಂಜಿನಿಯರಿನದು, ಗಾಡಿಯದಲ್ಲ ಎಂದು ಕಾರ್ಖಾನೆ ಹೇಳಿಕೆ ಕೊಟ್ಟಿತು. ಖರೀದಿದಾರರು ಒಪ್ಪಿದರು. ಮಸಿ ಕೋಟಿನವರ ನಡುವೆ ಗಾಡಿಗಳು ಮತ್ತೆ ಓಡತೊಡಗಿದವು. ಎರಡನೆಯ ಕಣ್ಣು ತೆರೆಯಬೇಕೆಂದು ತನಿಖಾಧಿಕಾರಿ ಬರೆದಳು, ಮತ್ತೆ ಬರೆದಳು. ಅದನ್ನು ತೆರೆಯುವುದು ಬಲ್ಲವನು ಜೈಲಿನಲ್ಲಿದ್ದಾನೆ ಎಂಬ ಉತ್ತರ ಬಂತು.

ಒಂದು ಮಧ್ಯಾಹ್ನ ಶಿಳ್ಳೆಯ ಹೆಂಡತಿ ಅವಳ ಕಚೇರಿಗೆ ಬಂದಳು. ಮಗು ಸೊಂಟದಲ್ಲಿತ್ತು. ಕೂರಿ ಎಂದರೂ ಕೂರಲಿಲ್ಲ.

"ಅಣ್ಣನ್ನ ಬಿಡಿಸ್ಕೊಂಡು ಬರೋಕೆ ಯಾರನ್ನ ನೋಡ್ಬೇಕು, ಮೇಡಂ?"

ತನಿಖಾಧಿಕಾರಿ ತಲೆಯೆತ್ತಿದಳು.

"ನೆನೆಸ್ಕೊಂಡ್ರೆ ಮೈಯೆಲ್ಲ ಉರಿಯುತ್ತೆ," ಎಂದಳು ಆಕೆ. "ಆದ್ರೆ ನಮಗೆ ಇನ್ಯಾರಿದಾರೆ, ನೀವೇ ಹೇಳಿ."

ಅವನಿಗೆ ಜಾಮೀನು ಕೊಡಬಾರದೆಂದು ಬರೆದು ಕಳಿಸಿದ್ದು ತಾನೇ ಎಂದು ಹೇಳಲು ತನಿಖಾಧಿಕಾರಿಗೆ ಬಾಯಿ ಬರಲಿಲ್ಲ.