ಹೂಂ ಅಂದ್ರೆ ಆಗಲ್ಲ

"ಹೂಂ ಅಂದ್ರೆ ಆಗಲ್ಲ ಸಿಸ್ಟರ್. ಈ ಗೊಂಬೆಗೆ ಉಬ್ಬಸ, ನಾನು ಇದರ ತಾಯಿ. ನನಗೆ ಕಲಿಸಿ ನೋಡೋಣ."

ಗೊಂಬೆ ಹಿಡಿದು ಇನ್‌ಹೇಲರ್ ಬಳಕೆ ಕಲಿಸಲು ಬಂದಿದ್ದ ಮೇಷ್ಟ್ರ ಮಾತಿಗೆ, ತರಬೇತಿಗೆ ಬಂದಿದ್ದ ಹದಿನೆಂಟು ಜನ ಗೊಳ್ಳೆಂದು ನಕ್ಕರು. ಸಿಸ್ಟರ್ ಕಿವಿ ಕೆಂಪಾಯಿತು. ಎಲ್ಲದಕ್ಕೂ ಹೂಂ ಅನ್ನುತ್ತಾಳೆ ಅಂತ ಇಡೀ ಕ್ಲಿನಿಕ್ಕೇ ಅವಳನ್ನು 'ಹೂಂ ಸಿಸ್ಟರ್' ಅಂತ ಕರೆಯುತ್ತಿತ್ತು. ಅದನ್ನು ಯಾರೋ ಈ ಗೊಂಬೆ ಮೇಷ್ಟ್ರ ಕಿವಿಗೂ ಊದಿದ್ದಾರೆ ಅಂದುಕೊಂಡಳು. ಪಾಪ, ಅವನಿಗೆ ಆ ಹೆಸರೇ ಗೊತ್ತಿರಲಿಲ್ಲ! ಅದೇ ಸಿಟ್ಟಲ್ಲಿ ಇನ್‌ಹೇಲರನ್ನು ಕೊಳವೆಗೆ ಸಿಕ್ಕಿಸಿ, ಗೊಂಬೆಯ ಮುಖಕ್ಕೆ ಮಾಸ್ಕ್ ಹಿಡಿದು, ಟಪ್ ಟಪ್ ಅಂತ ಎರಡು ಸಲ ಒಟ್ಟಿಗೇ ಒತ್ತಿಬಿಟ್ಟಳು.

"ಅಯ್ಯೋ ನನ್ನ ಕಂದ!" ಅಂತ ಅವನು ಎದೆ ಹಿಡಿದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ, "ಒಂದು ಸಲ ಒತ್ತಿ. ಮಗು ಐದು ಉಸಿರು ಎಳೆಯಲಿ. ಸ್ವಲ್ಪ ತಾಳಿ, ಮತ್ತೆ ಅಲ್ಲಾಡಿಸಿ, ಇನ್ನೊಂದು. ಅವಸರ ಯಾಕೆ? ನಾನೆಲ್ಲೂ ಹೋಗಲ್ಲ."

ಹೋಗದೆ ಏನು? ತರಬೇತಿ ಇದ್ದದ್ದೇ ಮೂರು ದಿನ.

ಎರಡನೇ ದಿನ ಆ ಸಿಟ್ಟು ಎಲ್ಲಿ ಹೋಯಿತೋ. ಜೋಡಿ ಜೋಡಿಯಾಗಿ ಅಭ್ಯಾಸ. ಅವನು ಮತ್ತೆ ಇವಳೆದುರೇ ತಾಯಿಯಾಗಿ ಕೂತ, ಗೊಂಬೆಗೆ ಹಿಡಿದ ಮಾಸ್ಕಿನ ಅಂಚಲ್ಲಿ ಸಂದು ಬಿಟ್ಟ.

"ಇಲ್ಲಿ ಗಾಳಿ ಹೋಗುತ್ತೆ," ಅಂತ ಅವಳು ಅವನ ಬೆರಳನ್ನು ಸರಿಸಿದಳು.

"ಎಲ್ಲಿ?"

"ಇಲ್ಲಿ."

ಕಿಟಕಿಯ ಬಿಸಿಲು ಅವನ ರೆಪ್ಪೆಯ ಮೇಲೆ ಬಿದ್ದಿತ್ತು. ಅವನು ಗೊಂಬೆಯನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಒಂದು, ಎರಡು, ಮೂರು ಅಂತ ಉಸಿರು ಎಣಿಸುತ್ತಿದ್ದವಳಿಗೆ ನಾಲ್ಕು ಮರೆತೇಹೋಯಿತು.

ಮೂರನೇ ದಿನ ಒಬ್ಬ ತಾಯಿ ನಾಲ್ಕು ವರ್ಷದ ಮಗಳನ್ನು ಕರೆತಂದಳು. ಎರಡು ತಿಂಗಳಿಂದ ಔಷಧಿ ಹಾಕುತ್ತಿದ್ದರೂ ಉಬ್ಬಸ ನಿಂತಿಲ್ಲ.

"ಹೇಗೆ ಹಾಕ್ತೀರ, ತೋರಿಸಿ," ಅಂದಳು ಹೂಂ ಸಿಸ್ಟರ್.

ತಾಯಿ ಮಾಸ್ಕನ್ನು ಮಗುವಿನ ಮುಖದಿಂದ ನಾಲ್ಕು ಬೆರಳು ದೂರ ಹಿಡಿದು ಒತ್ತಿದಳು. ಔಷಧಿಯೆಲ್ಲ ಗಾಳಿಪಾಲು.

"ಅವತ್ತು ನಾನು ಹೇಳಿಕೊಟ್ಟಾಗ ಅರ್ಥ ಆಗಿರ್ಲಿಲ್ವಾ?"

"ಇಲ್ಲ ಸಿಸ್ಟರ್. ಆಯ್ತಾ ಅಂತ ನೀವು ಕೇಳಿದ್ರಿ, ಬೈತೀರೇನೋ ಅಂತ ಹೂಂ ಅಂದ್ಬಿಟ್ಟೆ."

ಹೂಂ ಸಿಸ್ಟರ್ ಎದ್ದು ಬಂದು ತಾಯಿಯ ಪಕ್ಕದಲ್ಲೇ ಕೂತಳು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ತೋರಿಸಿದಳು. ತಾಯಿ ತಾನೇ ಸರಿಯಾಗಿ ಮಾಡಿ ತೋರಿಸುವವರೆಗೂ ಬಿಡಲಿಲ್ಲ.

ಮಧ್ಯಾಹ್ನ ಚಿಕ್ಕಮ್ಮನ ಫೋನು. "ಮೊನ್ನೆ ನಿನ್ನ ನೋಡಿಹೋದ ಹುಡುಗನ ಮನೆಯವರು ಕಾಯ್ತಿದ್ದಾರೆ ಕಣೇ. ಒಪ್ಪಿಗೆ ಅಂತ ಹೇಳಿಬಿಡ್ಲಾ?"

"ಬೇಡ ಚಿಕ್ಕಮ್ಮ."

"ಏನಂದೆ?"

"ಬೇಡ ಅಂದೆ."

ಹುಟ್ಟಿದಾಗಿನಿಂದ ಈ ಹುಡುಗಿ ಬೇಡ ಅಂದದ್ದನ್ನು ಚಿಕ್ಕಮ್ಮ ಕೇಳಿರಲಿಲ್ಲ.

ನಾಲ್ಕು ಗಂಟೆಗೆ ಗೊಂಬೆ ಮೇಷ್ಟ್ರ ಬಸ್ಸು. ಖಾಲಿ ಕೋಣೆಯಲ್ಲಿ ಗೊಂಬೆಯನ್ನು ಚೀಲಕ್ಕೆ ಹಾಕುತ್ತಾ, ತಲೆ ಎತ್ತದೆ ಹೇಳಿದ, "ಸಿಸ್ಟರ್, ಆ ಸಂದು ಬಿಟ್ಟದ್ದು ಬೇಕು ಅಂತಲೇ. ನೀವು ಸರಿ ಮಾಡ್ಲಿ ಅಂತ. ನೀವಂದ್ರೆ ನನಗೆ ತುಂಬಾ ಇಷ್ಟ. ಮುಂದಿನ ತಿಂಗಳು ನಿಮ್ಮ ಮನೆಗೆ ಬರಲಾ, ಮಾತಾಡೋಕೆ?"

ತುಟಿಯವರೆಗೂ ಬಂದ ಹೂಂ ಅನ್ನು ಅವಳು ನುಂಗಿಕೊಂಡಳು. ಅವನ ಮುಖ ಬಾಡಿತು. "ಪರವಾಗಿಲ್ಲ ಬಿಡಿ," ಅಂತ ಚೀಲ ಎತ್ತಿದ.

"ತಾಳ್ರೀ!" ಅವಳು ಚೀಲದ ಪಟ್ಟಿ ಹಿಡಿದಳು. "ನನಗೆ ಅರ್ಥ ಆಗಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ನಿಮಗೆ ನಾನು ಬೇಕು. ನನಗೂ ನೀವೇ ಬೇಕು. ಮುಂದಿನ ತಿಂಗಳ ತನಕ ಕಾಯೋಕೆ ನನ್ನ ಕೈಲಾಗಲ್ಲ, ಭಾನುವಾರವೇ ಬನ್ನಿ. ಸರಿ ಇದೆಯಾ?"

ಮೂರು ದಿನ ಅಷ್ಟೊಂದು ಮಾತಾಡಿದವನು ಚೀಲ ಕೆಳಗಿಟ್ಟ.

"ಹೂಂ," ಅಂದ.

"ಹೂಂ ಅಂದ್ರೆ ಆಗಲ್ಲ," ಅಂತ ಅವಳು ನಗುತ್ತಾ ಕೈ ಚಾಚಿದಳು. ಅವನು ಎರಡೂ ಕೈಯಿಂದ ಹಿಡಿದುಕೊಂಡ. ಈ ಸಲ ಸಂದು ಬಿಡಲಿಲ್ಲ.