ನಿದ್ದೆಯೊಳಗಿನ ಬಸ್ಸು

ಊಟ ಮುಗಿಸಿ ಭೀಮಶಾ ಹೊರಸಿನ ಮೇಲೆ ಅಡ್ಡಾದರು. ತಲೆದಿಂಬಿನ ಪಕ್ಕದ ಗೂಡಿನಲ್ಲಿ ಕನಸುದೀಪ ತಾನಾಗಿಯೇ ಹೊತ್ತಿಕೊಂಡಿತು. ಅದು ಬೆಳಕು ಕೊಡುವ ದೀಪವಲ್ಲ. ಹಸಿರು ಚುಕ್ಕೆಯೊಂದು ಮಿಣುಕುತ್ತದೆ, ಅಷ್ಟೆ. ಮಲಗಿದವರ ಉಸಿರು ನಿಧಾನವಾದ ಕೂಡಲೇ, ಅವರೇ ಹಿಂದೆ ಕಂಡು ಕೂಡಿಟ್ಟ ಕನಸನ್ನು ದೂರದ ಸ್ವಪ್ನಕೋಶದಿಂದ ತುಣುಕು ತುಣುಕಾಗಿ ತರಿಸಿ ನಿದ್ದೆಯೊಳಕ್ಕೆ ಹರಿಯಬಿಡುವುದು ಅದರ ಕೆಲಸ. ಸ್ವಲ್ಪ ಹೊತ್ತಿಗೆ ಭೀಮಶಾರ ಬಲಗಾಲು ಹೊರಸಿನ ಅಂಚನ್ನು ಮೆಲ್ಲಗೆ ಒತ್ತಿತು. ಬಾಗಿಲಲ್ಲಿ ನಿಂತಿದ್ದ ಮಗಳು ದಾಕ್ಷಾಯಿಣಿಗೆ ಅಷ್ಟು ಸಾಕಾಯಿತು. ಅಪ್ಪನ ಬಸ್ಸು ಹೊರಟಿತ್ತು.

ಭೀಮಶಾ ಹಿರೇಕಲ್ಲೂರಿನ ಸರ್ಕಾರಿ ಬಸ್ಸಿನ ಚಾಲಕರಾಗಿದ್ದವರು. ಕಣ್ಣಿನ ನರ ಒಣಗಿ ದೃಷ್ಟಿ ಪೂರ್ತಿ ಹೋಗಿ ವರ್ಷಗಳಾಗಿದ್ದವು. ಆದರೆ ಮಿದುಳಿನಲ್ಲಿ ನೋಟದ ಜಾಗ ಹಾಗೇ ಉಳಿದಿತ್ತು. ಹೀಗಾಗಿ ದಿನವೂ ಮಧ್ಯಾಹ್ನ ಅವರಿಗೆ ಕಣ್ಣು ಬರುತ್ತಿತ್ತು: ಎರಡೂ ಬದಿಗೆ ಹಳದಿ ಹೂ ಬಿಟ್ಟ ತೊಗರಿ ಹೊಲ, ನಡುವೆ ಕಪ್ಪು ರಸ್ತೆ, ಕೊನೆಗೆ ಭೀಮಾ ನದಿಯ ಸೇತುವೆ. ಒಂದೇ ಕೊರತೆಯೆಂದರೆ ಬಸ್ಸು ಯಾವಾಗಲೂ ಖಾಲಿ. ಮಗಳು ಒಮ್ಮೆ ಕೇಳಿದಾಗ ಅವರು ನಕ್ಕಿದ್ದರು.

"ಕನಸಿನ್ಯಾಗ ಟಿಕೆಟ್ ಯಾರ್ ತಗೋತಾರವ್ವಾ?"

ದಾಕ್ಷಾಯಿಣಿ ಕನ್ನಡಕ ಒರೆಸಿಕೊಂಡು ಕೆಲಸಕ್ಕೆ ಹೊರಟಳು. ಊರಿನ ಕನಸುದೀಪಗಳ ಲೆಕ್ಕ ತೋರಿಸುವ ನಿಗಾಫಲಕ ನೋಡಿ ನೋಡಿ ಬಂದ ಕನ್ನಡಕ ಅದು. ತನ್ನ ಹಾಗೆ ಮಗಳಿಗೂ ಆಗುತ್ತದೆಂದು ಅಪ್ಪ ಗಾಬರಿಯಾದಾರೆಂದು ಆಕೆ ಅದನ್ನು ಅವರಿಗೆ ಹೇಳಿರಲಿಲ್ಲ.

ಪುರಸಭೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ಆ ಫಲಕವಿತ್ತು. ಪ್ರತಿಯೊಂದು ಊರೂ ಸ್ವಪ್ನಕೋಶದಲ್ಲಿ ಇಂತಿಷ್ಟು ಓದಿನ ಸಾಮರ್ಥ್ಯವನ್ನು ಮೊದಲೇ ಕಾಯ್ದಿರಿಸಬೇಕು. ಒಂದು ಕ್ಷಣದಲ್ಲಿ ಊರಿನ ದೀಪಗಳೆಲ್ಲ ಸೇರಿ ಎಷ್ಟು ತುಣುಕು ತರಿಸಬಹುದು ಎಂಬುದರ ಮಿತಿ ಅದು. ಫಲಕದ ಮೇಲೆ ಕಾಯ್ದಿರಿಸಿದ್ದು ನೇರ ಗೆರೆ, ಬಳಸಿದ್ದು ಅಲೆಯ ಗೆರೆ. ಅಲೆ ನೇರ ಗೆರೆಯನ್ನು ದಾಟಲು ಹೋದರೆ ಕೋಶವೇನೂ ಕೆಡುವುದಿಲ್ಲ. ಹೆಚ್ಚಿನ ಕೋರಿಕೆಗಳನ್ನು ನಿರಾಕರಿಸುತ್ತದೆ. ದೀಪ ಕೆಂಪಾಗುತ್ತದೆ. ಉಳಿದವರಿಗೆ ಅದು ಕನಸಿಲ್ಲದ ನಿದ್ದೆ. ಭೀಮಶಾರಿಗಾದರೋ ಎಚ್ಚರದ ಕತ್ತಲೆಯೇ ನಿದ್ದೆಗೂ ಬಂದಂತೆ.

ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಬೇಕೆಂದು ಅಂದೇ ಸ್ವಪ್ನಕೋಶದ ಕೇಂದ್ರದಿಂದ ಆಜ್ಞೆ ಬಂದಿತ್ತು. ಕಳಿಸಿದವರು ಕನಸುದೀಪವನ್ನು ಕಂಡುಹಿಡಿದ ಡಾ. ಸುಹಾಸಿನಿ ಕಾಮತ್, ಕಡಲ ತೀರದ ನೆಲಮಾಳಿಗೆಯಲ್ಲಿ ಕೂತು ನೂರಾರು ಊರುಗಳ ಲೆಕ್ಕ ನೋಡುವವರು. ಹಿರೇಕಲ್ಲೂರಿನ ದಿನದ ಸರಾಸರಿ ಬಳಕೆ ಕಾಯ್ದಿರಿಸಿದ್ದರ ಕಾಲುಭಾಗವನ್ನೂ ಮುಟ್ಟುತ್ತಿರಲಿಲ್ಲ. ದಾಕ್ಷಾಯಿಣಿ ಕರೆ ಮಾಡಿ, ಸರಾಸರಿಯನ್ನು ನಂಬಬೇಡಿ ಎಂದಳು. ಬೇಸಿಗೆಯ ರಾತ್ರಿ ಜನ ದೀಪ ಕೆಳಗೇ ಬಿಟ್ಟು ಮಾಳಿಗೆಯ ಮೇಲೆ ಮಲಗುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಮಾತ್ರ ಇಡೀ ಊರು ದೀಪದ ಬಳಿಯೇ ಒಟ್ಟಿಗೇ ಒರಗುತ್ತದೆ. ಆಗ ಅಲೆ ಗುಡ್ಡದಂತೆ ಎದ್ದು ಗೆರೆಯನ್ನು ಮುಟ್ಟುತ್ತದೆ ಎಂದು ವಿವರಿಸಿದಳು.

"ಊರಿಗೆ ಊರೇ ಒಂದೇ ಹೊತ್ತಿಗೆ ಮಲಗುವುದುಂಟಾ? ಅಂಗಡಿ, ಕಚೇರಿ ಎಂತದೂ ಇಲ್ವಾ ನಿಮ್ಮಲ್ಲಿ?"

"ಅದಾವ್ರೀ ಮೇಡಂ. ಅವೂ ಮಲಗ್ತಾವ."

ಕಾಮತ್ ನಕ್ಕರು. ಆಜ್ಞೆ ಬದಲಾಗಲಿಲ್ಲ.

ಮರುದಿನ ಬೆಳಗ್ಗೆ ದಾಕ್ಷಾಯಿಣಿ ಅಪ್ಪನಿಗೆ ವಿಷಯ ತಿಳಿಸಿದಳು. ಹಾಗಾದರೆ ಇವತ್ತು ಡ್ಯೂಟಿ ಇಲ್ಲ ಅನ್ನು, ಎಂದರು ಭೀಮಶಾ. ಆದರೂ ಊಟವಾದ ಮೇಲೆ ಹೊರಸು ಹುಡುಕಿಕೊಂಡು ಮಲಗಿದರು.

ಫಲಕದ ಮೇಲೆ ಅಲೆ ಏಳತೊಡಗಿತು. ಇಳಿಸಿದ ಗೆರೆಗೆ ತಾಗಿತು. ನಿರಾಕರಣೆಯ ಕೆಂಪು ಚುಕ್ಕೆಗಳು ಓಣಿ ಓಣಿಯಾಗಿ ಹರಡಿದವು. ದಾಕ್ಷಾಯಿಣಿ ಫಲಕಕ್ಕೆ ಕಣ್ಣು ನೆಟ್ಟು ಕೂತಿದ್ದಳು. ಗೆರೆಗೆ ಅಂಟಿಕೊಂಡೇ ಇರಬೇಕಾಗಿದ್ದ ಅಲೆ ಆಗ ಇದ್ದಕ್ಕಿದ್ದಂತೆ ಕುಸಿದು ನೆಲಕ್ಕೆ ಮಲಗಿತು. ಕೆಂಪು ಚುಕ್ಕೆಗಳೆಲ್ಲ ಹಸಿರಾದವು. ಯಾರೂ ಏನೂ ತರಿಸುತ್ತಿಲ್ಲ. ಆದರೂ ಎಲ್ಲರಿಗೂ ಕನಸು ಬೀಳುತ್ತಿದೆ! ಉಪಕರಣ ಕೆಟ್ಟಿತೆಂದುಕೊಂಡು ಆಕೆ ಮನೆಯ ಕಡೆ ಓಡಿದಳು.

ಬಿಸಿಲಿನಲ್ಲಿ ಓಣಿ ಬೆಳ್ಳಗೆ ತೇಲುತ್ತಿತ್ತು. ಗಾದಿ ಹೊಲಿಯುವ ಮೌಲಾಸಾಬ ತನ್ನ ಅಂಗಡಿಯ ಹತ್ತಿ ರಾಶಿಯ ಮೇಲೆ ಮಲಗಿದ್ದ. ಅವನ ಒಂದು ಕೈ ಮೇಲಕ್ಕೆದ್ದು ಕಾಣದ ಕಂಬಿಯೊಂದನ್ನು ಹಿಡಿದುಕೊಂಡಿತ್ತು. ಎದುರು ಕಟ್ಟೆಯ ಮೇಲೆ ಒರಗಿದ್ದ ಅತ್ತೆ ಸೊಸೆ ಇಬ್ಬರೂ ಮೆಲ್ಲಗೆ ಎಡಕ್ಕೆ ವಾಲಿದರು, ಮೌಲಾಸಾಬನೂ ವಾಲಿದ. ತಿರುವು ದಾಟಿದಂತೆ ಎಲ್ಲರೂ ಒಟ್ಟಿಗೇ ನೆಟ್ಟಗಾದರು. ಮನೆಯೊಳಗೆ ಅಪ್ಪನ ಮುಖ ಬೆಳಗುತ್ತಿತ್ತು. ನಿದ್ದೆಯಲ್ಲೇ ಅವರು ಗದರುತ್ತಿದ್ದರು.

"ಮುಂದ ಸರೀರಿ, ಮುಂದ ಸರೀರಿ. ಹಿಂದ ಜಾಗ ಇಲ್ಲ."

ವಾರದೊಳಗೆ ಕಾಮತ್ ಖುದ್ದಾಗಿ ಬಂದರು. ಕಾರಣ ಅವರಿಗೆ ಆಗಲೇ ತಿಳಿದಿತ್ತು. ಮತ್ತೆ ಮತ್ತೆ ಓದುವ ಕನಸನ್ನು ದೂರದಿಂದ ತರಿಸುವ ಬದಲು ಊರಿನಲ್ಲೇ ಹತ್ತಿರದ ನೆನಪಿನಲ್ಲಿ ಇಟ್ಟುಕೊಳ್ಳುವುದು ಕೋಶದ ಪದ್ಧತಿ. ಅದು ಸಾಮರ್ಥ್ಯದ ಲೆಕ್ಕಕ್ಕೆ ಬರುವುದಿಲ್ಲ. ಕೋರಿಕೆಗಳು ನಿರಾಕರಿಸಲ್ಪಡತೊಡಗಿದರೆ ದೀಪಗಳು ಬರಿದಾಗದಿರಲೆಂದು, ಹತ್ತಿರದ ನೆನಪಿನಲ್ಲಿ ಇದ್ದದ್ದನ್ನೇ ಊರಿನ ದೀಪಗಳಿಗೆಲ್ಲ ಕೊಡಬೇಕೆಂಬ, ದಾಕ್ಷಾಯಿಣಿಗೆ ಗೊತ್ತಿಲ್ಲದ ನಿಯಮವನ್ನೂ ಅವರೇ ಬರೆದಿದ್ದರು. ಹಿರೇಕಲ್ಲೂರಿನಲ್ಲಿ ದಿನವೂ ತಪ್ಪದೆ ಅದೇ ಕನಸು ಕಾಣುತ್ತಿದ್ದವರು ಭೀಮಶಾ ಒಬ್ಬರೇ. ಹತ್ತಿರದ ನೆನಪಿನಲ್ಲಿ ಇದ್ದದ್ದು ಅವರ ಬಸ್ಸಿನ ಆ ಒಂದೇ ಪ್ರತಿ. ಊರೆಲ್ಲ ಅದನ್ನೇ ಹತ್ತಿತ್ತು.

ಭೀಮಶಾರ ಮನೆಯಲ್ಲಿ ಜನ ಸೇರಿದ್ದರು. ಕಾಮತ್ ತಮ್ಮ ತಪ್ಪನ್ನು ಒಪ್ಪಿಕೊಂಡು, ಸಾಮರ್ಥ್ಯ ನಾಳೆಯೇ ಹಿಂದಕ್ಕೆ ಬರುತ್ತದೆ, ಅವರವರ ಕನಸು ಅವರವರಿಗೆ ಸಿಗುತ್ತದೆ ಎಂದರು. ಮೌಲಾಸಾಬ ತಲೆ ಕೆರೆದುಕೊಂಡ.

"ನಂದು ನನಗ ಬ್ಯಾಡ್ರೀ ಮೇಡಂ. ಅದರಾಗ ಏನದ? ಬರೀ ಹತ್ತಿ. ಇಲ್ಲಿ ಹೊಳಿ ಗಾಳಿ ಬರ್ತದ."

ಭೀಮಶಾರ ಕೈ ಹೊರಸಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಇನ್ನು ಮತ್ತೆ ಖಾಲಿ ಬಸ್ಸು ಓಡಿಸಬೇಕಲ್ಲ ಎಂದು ಅಪ್ಪ ಯೋಚಿಸುತ್ತಿದ್ದಾರೆಂದು ದಾಕ್ಷಾಯಿಣಿಗೆ ಗೊತ್ತಾಯಿತು. ಆಕೆ ಕಾಮತ್‌ರ ಕಡೆ ನೋಡಿದಳು.

"ರಾತ್ರಿಗಷ್ಟ ಕೊಡ್ರೀ. ಮಧ್ಯಾಹ್ನಕ್ಕ ಹಿಂಗ ಇರ್ಲಿ."

ಕಾಮತ್ ಉತ್ತರಿಸುವ ಮೊದಲೇ ಊಟ ಬಂತು. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಉಂಡ ಮೇಲೆ ಹೊರಗಿನ ಬಿಸಿಲು ನೋಡಿದ ವಿಜ್ಞಾನಿ, ಐದು ನಿಮಿಷ ಕೂತು ಹೋಗುತ್ತೇನೆಂದು ಗೋಡೆಗೆ ಒರಗಿದರು. ಅವರ ಕಣ್ಣು ಮುಚ್ಚಿದವು.

ಫಲಕದ ಮೇಲೆ ನೋಡುವಂಥದ್ದೇನೂ ಇರಲಿಲ್ಲ. ಈ ಹೊತ್ತಿಗೆ ಅಲೆ ನೆಲದ ಮೇಲೆಯೇ ಮಲಗಿರುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ದಾಕ್ಷಾಯಿಣಿ ಮಧ್ಯಾಹ್ನ ಮನೆಯಲ್ಲೇ, ಮಲಗಿದ ಅಪ್ಪನ ಹೊರಸಿನ ಪಕ್ಕ ಚಾಪೆ ಹಾಸಿದಳು.

ಬಸ್ಸು ನಿಲ್ದಾಣ ಬಿಡುತ್ತಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಪಕ್ಕ ಕಾಮತ್ ಕೂತಿದ್ದರು, ತೊಗರಿ ಹೂವಿನ ಹಳದಿ ಅವರ ಮುಖದ ಮೇಲೆ ಹರಿಯುತ್ತಿತ್ತು. ಮೌಲಾಸಾಬ ಸರಿದು ದಾರಿ ಬಿಟ್ಟ. ದಾಕ್ಷಾಯಿಣಿ ಮುಂದೆ ಹೋಗಿ ಚಾಲಕನ ಹಿಂದಿನ ಕಂಬಿ ಹಿಡಿದಳು.

ಭೀಮಶಾ ಕನ್ನಡಿಯಲ್ಲಿ ನೋಡಿದರು. ನೋಡುತ್ತಲೇ ಇದ್ದರು. ಬಸ್ಸು ನಿಧಾನವಾಯಿತು.

"ಯವ್ವಾ," ಎಂದರು, "ನಿನಗ ಚಸ್ಮಾ ಯಾವಾಗ ಬಂತು?"