ಅನು ಮೆಂಬರ್ ಆದದ್ದು

“ಪ್ಲೆಡ್ಜ್, ಕಣ್ಣು ಮುಚ್ಚು! ಬಾಯಿ ತೆಗಿ!”

ಅನು ಕಣ್ಣು ಮುಚ್ಚಿ ಬಾಯಿ ತೆರೆದಳು. ಕಿಶೋರ್ ಒಂದು ದೊಡ್ಡ ಚಮಚದ ತುಂಬ ಮಾವಿನಕಾಯಿ ಉಪ್ಪಿನಕಾಯಿಯ ರಸವನ್ನು ಅವಳ ನಾಲಿಗೆಯ ಮೇಲೆ ಸುರಿದ. ಮಾನಸ ಸೋಫಾದ ಮೇಲೆ ಮಹಾರಾಣಿಯ ಹಾಗೆ ಕುಳಿತು, ಈಗ ಇವಳು ಕಿರುಚುತ್ತಾಳೆ, ಈಗ ಮೂಗು ಕಣ್ಣಲ್ಲೆಲ್ಲ ನೀರು ಸುರಿಯುತ್ತದೆ ಎಂದು ಕಾದಳು.

ಅನು ಚಪ್ಪರಿಸಿಕೊಂಡು ನುಂಗಿದಳು. “ಚೆನ್ನಾಗಿದೆ. ಇನ್ನೊಂದ್ ಸ್ವಲ್ಪ ಇದ್ಯಾ?”

ಕಿಶೋರನ ಮುಖ ಸಪ್ಪಗಾಯಿತು. ಅಮೆರಿಕದ ನೇಪರ್‌ವಿಲ್‌ನಲ್ಲಿ ಹುಟ್ಟಿದ ಅವನು ಸಾರಿಗೂ ಮೊಸರು ಬೆರೆಸಿಕೊಂಡು ತಿನ್ನುವವನು. ಅಕ್ಟೋಬರ್‌ನಲ್ಲಿ ಮೈಸೂರಿನಿಂದ ಬಂದಿಳಿದ ಹುಡುಗಿಗೆ ಉಪ್ಪಿನಕಾಯಿ ಒಂದು ಪರೀಕ್ಷೆಯೇ ಅಲ್ಲ ಎಂದು ಪಾಪ ಅವನಿಗೆ ಹೇಗೆ ಗೊತ್ತಾಗಬೇಕು?

ಅದು ಸಂಕ್ರಾಂತಿಯ ಶನಿವಾರ. ವುಡ್‌ರಿಡ್ಜ್‌ನ ಮಾನಸಳ ಮನೆಯಲ್ಲಿ ಪಾಟ್‌ಲಕ್, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟ. ಬಂದವರ ಶೂಗಳೆಲ್ಲ ಗ್ಯಾರೇಜಿನಲ್ಲಿ, ದೊಡ್ಡವರೆಲ್ಲ ಮೇಲೆ, ಮಕ್ಕಳು ಬೇಸ್‌ಮೆಂಟಿನಲ್ಲಿ. ಹಾಗೆಂದು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲ ಕನ್ನಡದವರ ಮನೆಯಲ್ಲೂ ಹಾಗೆಯೇ. ಸಣ್ಣ ಮಕ್ಕಳು ಟಿವಿಯ ಮುಂದೆ ಬಿದ್ದಿದ್ದವು. ಹಿಂದಿನ ಕೋಣೆಯಲ್ಲಿ ಬೇಸ್‌ಮೆಂಟ್ ಕ್ಲಬ್ಬಿನ ಮೀಟಿಂಗ್ ನಡೆದಿತ್ತು.

ಕ್ಲಬ್ಬಿನಲ್ಲಿ ಇದ್ದದ್ದು ಇಬ್ಬರೇ, ಮಾನಸ ಮತ್ತು ಕಿಶೋರ್. ರೂಲ್ಸ್ ಮಾತ್ರ ಇಬ್ಬರಿಗಾಗಿ ಮಿಗುವಷ್ಟು ಇದ್ದವು. ಅವೆಲ್ಲ ಮಾನಸಳ ಅಣ್ಣ ವಿಶ್ರುತ್‌ನಿಂದ ಬಂದವು. ಅವನು ಮೂರು ಗಂಟೆ ಡ್ರೈವ್ ದೂರದ ಕಾಲೇಜಿನಲ್ಲಿ ಓದುತ್ತಿದ್ದ. ಅಲ್ಲಿ ಫ್ರಟರ್ನಿಟಿ ಎಂಬ ಹುಡುಗರ ಗುಂಪಿಗೆ ಸೇರಿದ್ದ. ಸೇರುವ ಮೊದಲು ಹೊಸಬರನ್ನು ಪ್ಲೆಡ್ಜ್ ಎಂದು ಕರೆಯುತ್ತಾರಂತೆ. ಹಳಬರು ಹೇಳಿದ್ದನ್ನೆಲ್ಲ ಮಾಡಬೇಕಂತೆ. ಹಸಿ ಈರುಳ್ಳಿ ತಿನ್ನಬೇಕಂತೆ, ಕೆರೆಯ ದಡದಲ್ಲಿ ಚಳಿಯಲ್ಲಿ ಶರ್ಟಿಲ್ಲದೆ ನಿಂತು ಹಾಡಬೇಕಂತೆ. ಯಾರಿಗೂ ಬಾಯಿ ಬಿಡಬಾರದಂತೆ. ರಜಕ್ಕೆ ಬಂದಾಗ ಇದನ್ನೆಲ್ಲ ವಿಶ್ರುತ್ ಹೊಟ್ಟೆ ಹಿಡಿದು ನಗುತ್ತ ಹೇಳಿದ್ದ. ಮಾನಸ, ಕಿಶೋರ್ ಕೂಡ ಹೊಟ್ಟೆ ಹಿಡಿದು ನಕ್ಕಿದ್ದರು.

“ಉಪ್ಪಿನಕಾಯಿ ಡಸಂಟ್ ಕೌಂಟ್,” ಎಂದಳು ಮಾನಸ. ಅವಳಿಗೆ ರೇಗಿತ್ತು. ಅನು ಬಂದಾಗಿನಿಂದ ಅಮ್ಮ ಬೆಳಿಗ್ಗೆ ಸಂಜೆ ಒಂದೇ ರಾಗ ಹಾಡುತ್ತಿದ್ದಳು. ಅನು ಎಷ್ಟು ಚೆನ್ನಾಗಿ ಕನ್ನಡ ಓದ್ತಾಳೆ ನೋಡು, ಅನು ದೊಡ್ಡವರಿಗೆ ಎಷ್ಟು ಚೆನ್ನಾಗಿ ನಮಸ್ಕಾರ ಮಾಡ್ತಾಳೆ ನೋಡು. “ರಿಯಲ್ ಟೆಸ್ಟ್ ಇನ್ನೂ ಇದೆ. ಬಾ.”

ಬೇಸ್‌ಮೆಂಟಿನಿಂದ ಹಿತ್ತಲಿಗೆ ಒಂದು ಗಾಜಿನ ಬಾಗಿಲಿತ್ತು. ಆಚೆ ಸಿಮೆಂಟಿನ ಪ್ಯಾಟಿಯೋ, ಅದರ ಮೇಲೆ ಗುರುವಾರ ಬಿದ್ದ ಸ್ನೋ ಗಟ್ಟಿಯಾಗಿ ಕುಳಿತಿತ್ತು. ಹೊರಗೆ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಬಕೆಟಿನಲ್ಲಿ ನೀರಿಟ್ಟರೆ ಕಲ್ಲಾಗುವ ಚಳಿ.

“ಅಲ್ಲಿ ನಿಂತ್ಕೋಬೇಕು. ನಾವು ಕರೆಯೋವರೆಗೂ. ಡೋರ್ ತಟ್ಟಿದ್ರೆ ಔಟ್. ಯಾರಿಗಾದ್ರೂ ಹೇಳಿದ್ರೂ ಔಟ್.”

ಅನು ತನ್ನ ಕಾಲು ನೋಡಿಕೊಂಡಳು. ಅವಳು ಹಸಿರು ರೇಷ್ಮೆ ಲಂಗ ಉಟ್ಟಿದ್ದಳು. ಲಂಗಕ್ಕೆ ಯಾರು ಸಾಕ್ಸ್ ಹಾಕುತ್ತಾರೆ? ಚಪ್ಪಲಿ ಗ್ಯಾರೇಜಿನಲ್ಲಿತ್ತು.

“ಆಮೇಲೆ ನಾನು ಮೆಂಬರಾ? ನಿಜವಾಗ್ಲೂ? ಸ್ಕೂಲಲ್ಲೂ ನನ್ನ ಜೊತೆ ಕೂತ್ಕೋತೀಯಾ?”

“ಯಾ, ಯಾ.”

ಅನು ಲಂಗ ಎತ್ತಿ ಹಿಡಿದು ಹೊರಗೆ ಹೆಜ್ಜೆ ಇಟ್ಟಳು. “ಅಯ್ಯಪ್ಪಾ!” ಎಂದು ಕುಣಿದಳು. ಕಿಶೋರ್ ಬಿದ್ದು ಬಿದ್ದು ನಕ್ಕ. ಮಾನಸ ಬಾಗಿಲು ಎಳೆದು ಚಿಲಕ ಹಾಕಿದಳು. ಹಾಕಲೇಬೇಕೆಂದೇನೂ ಇರಲಿಲ್ಲ, ಆದರೂ ಹಾಕಿದಳು.

ಅಷ್ಟರಲ್ಲಿ ಮೇಲಿನಿಂದ ಅಮ್ಮನ ದನಿ ಬಂತು. “ಮಾನಸಾ! ಬೇಗ ಬಾರೇ, ಎಳ್ಳು ಬೀರಬೇಕು! ಎಲ್ಲಾ ಆಂಟಿಯರೂ ಕಾಯ್ತಿದಾರೆ. ಕಿಶೋರ್, ಫೋಟೋ ತೆಗಿಯೋಕೆ ನಿಮ್ಮಪ್ಪ ಕರೀತಿದಾರೆ!”

ಯಾರಾದರೂ ಕೆಳಗೆ ಇಳಿದು ಬಂದರೆ ಎಂದು ಮಾನಸ ಪರದೆ ಎಳೆದಳು. ಇಬ್ಬರೂ ಮೇಲಕ್ಕೆ ಓಡಿದರು. ಎಳ್ಳು ಬೀರುವುದು ಎಷ್ಟು ಹೊತ್ತು, ಎರಡು ನಿಮಿಷದ ಕೆಲಸ ಎಂದು ಅವಳು ಅಂದುಕೊಂಡಳು.

ಎರಡು ನಿಮಿಷದಲ್ಲಿ ಮುಗಿದ ಕನ್ನಡದವರ ಪಾಟ್‌ಲಕ್ ಎಲ್ಲಾದರೂ ಉಂಟೇ? ಅಮ್ಮ ಜಡೆಗೆ ಹೂ ಮುಡಿಸಿದಳು. ಕೈಗೆ ಬೆಳ್ಳಿ ತಟ್ಟೆ ಕೊಟ್ಟಳು. ಒಂದು ಫೋಟೋ, ಇನ್ನೊಂದು ಫೋಟೋ, ಕಣ್ಣು ಮುಚ್ಚಿದ್ದಕ್ಕೆ ಮತ್ತೊಂದು ಫೋಟೋ. ಮಾನಸ ಕಿಶೋರನ ಕಡೆ ನೋಡಿದಳು, ನೀನು ಹೋಗಿ ಬಾಗಿಲು ತೆಗಿ ಎನ್ನುವಂತೆ. ಕಿಶೋರನೂ ಅವಳ ಕಡೆ ಹಾಗೆಯೇ ನೋಡಿದ. ಕಿಶೋರನಪ್ಪ ಮಗನ ಭುಜ ಬಿಟ್ಟಿರಲಿಲ್ಲ.

ಅನುವಿನ ಅಮ್ಮ ಲತಾಶ್ರೀ ಆಂಟಿ ಸೋಫಾದ ತುದಿಯಲ್ಲಿ ಕುಳಿತಿದ್ದರು. ಅವರಿಗೂ ಇಲ್ಲಿ ಇನ್ನೂ ಹೆಚ್ಚು ಜನರ ಪರಿಚಯವಿರಲಿಲ್ಲ. “ಮಾನಸ ಪುಟ್ಟಿ, ಅನು ಎಲ್ಲಮ್ಮಾ?”

“ಬಾತ್‌ರೂಮಲ್ಲಿದಾಳೆ ಆಂಟಿ.”

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಸುಳ್ಳು ಹೊರಗೆ ಬಂತು. ಅದೇ ಬಾಯಿಂದ ಅವಳು ಅಮ್ಮ ಹೇಳಿಕೊಟ್ಟದ್ದನ್ನೂ ಹೇಳಬೇಕಾಯಿತು. “ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಆಂಟಿ.”

“ಎಷ್ಟು ಮುದ್ದಾಗಿ ಹೇಳ್ತೀಯೇ,” ಎಂದು ಆಂಟಿ ಅವಳ ಕೆನ್ನೆ ಸವರಿದರು. ಕೆನ್ನೆ ಸುಟ್ಟ ಹಾಗಾಯಿತು. ಮಾನಸ ತಟ್ಟೆಯನ್ನು ಟೀಪಾಯಿಯ ಮೇಲೆ ಕುಕ್ಕಿ ಮೆಟ್ಟಿಲಿನ ಕಡೆ ಓಡಿದಳು.

ಪರದೆ ಸರಿಸಿದಾಗ ಅನು ನಿಂತ ಕಡೆಯೇ ನಿಂತಿದ್ದಳು. ಕುಣಿಯುತ್ತಿರಲಿಲ್ಲ. ಎರಡು ಕೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಬಾಗಿಲನ್ನು ತಟ್ಟಿರಲೇ ಇಲ್ಲ.

“ಈಗ ಚಳಿನೇ ಆಗ್ತಿಲ್ಲ,” ಎಂದಳು. ಮಾತು ತೊದಲುತ್ತಿತ್ತು. “ಮೊದ್ಲು ತುಂಬಾ ನೋವಾಗ್ತಿತ್ತು. ಈಗ ಕಾಲೇ ಇಲ್ದಂಗಿದೆ. ನಾನು ಗೆದ್ನಾ?”

ಒಳಗೆ ಬರಲು ಹೆಜ್ಜೆ ಎತ್ತಿದವಳು ಹೊಸ್ತಿಲಿಗೆ ಎಡವಿ ಬಿದ್ದಳು. ಕಾಲ್ಬೆರಳುಗಳು ಮೇಣದ ಹಾಗೆ ಬೆಳ್ಳಗಾಗಿದ್ದವು. ಮಾನಸ ಮುಟ್ಟಿ ನೋಡಿದಳು. ಫ್ರೀಜರ್‌ನಿಂದ ತೆಗೆದ ಬಟಾಣಿ ಪ್ಯಾಕೆಟ್ ಮುಟ್ಟಿದಂತಾಯಿತು. ಹಿಂದೆಯೇ ಬಂದ ಕಿಶೋರ್ ಅಳುವ ದನಿಯಲ್ಲಿ, “ಹೀಟರ್! ಹೀಟರ್ ಹತ್ರ ಇಡೋಣ!” ಎಂದು ಹೀಟರ್ ಎಳೆದು ತಂದ.

“ಡೋಂಟ್! ಅದನ್ನ ತೆಗಿ!”

ಮೆಟ್ಟಿಲ ಮೇಲೆ, ಹಬ್ಬಕ್ಕೆ ಮನೆಗೆ ಬಂದಿದ್ದ ವಿಶ್ರುತ್ ನಿಂತಿದ್ದ. ಕೈಯಲ್ಲಿದ್ದ ಪೊಂಗಲ್ ತಟ್ಟೆಯನ್ನು ಅಲ್ಲೇ ಇಟ್ಟು ಓಡಿ ಬಂದ. ಮರಗಟ್ಟಿದ ಕಾಲು ಸುಟ್ಟರೂ ಗೊತ್ತಾಗಲ್ಲ, ಉಜ್ಜಲೂಬೇಡಿ ಎಂದ. ಅನುವನ್ನು ಎತ್ತಿಕೊಂಡು ಹೋಗಿ ಟಬ್ಬಿನ ಅಂಚಿನಲ್ಲಿ ಕೂರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಇಡಿಸಿದ.

“ಯಾರು ಹೇಳ್ಕೊಟ್ರು ಇದನ್ನ ನಿಮಗೆ?”

“ನೀನೇ,” ಎಂದ ಕಿಶೋರ್.

ವಿಶ್ರುತ್ ತಲೆ ತಗ್ಗಿಸಿ ಟಬ್ಬಿಗೆ ಇನ್ನಷ್ಟು ನೀರು ಬಿಟ್ಟ.

ಮರಗಟ್ಟಿದ್ದ ಕಾಲಿನಲ್ಲಿ ಮತ್ತೆ ರಕ್ತ ಹರಿಯತೊಡಗಿದಾಗ ಅನು ನೋವಿಗೆ ಜೋರಾಗಿ ಅತ್ತಳು. ದೊಡ್ಡವರೆಲ್ಲ ದಡದಡನೆ ಇಳಿದು ಬಂದರು. ಏನಾಯ್ತು, ಹೇಗಾಯ್ತು ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಮಾನಸ ಕಿಶೋರನ ಹಿಂದೆ ಸರಿದಳು. ಈಗ ಎಲ್ಲ ಹೊರಗೆ ಬರುತ್ತದೆ.

ಅನು ಮಾನಸಳ ಮುಖ ನೋಡಿದಳು. ಬಿಕ್ಕುತ್ತ ಹೇಳಿದಳು, “ನಾನೇ ಹೋದೆ ಅಮ್ಮಾ. ಸ್ನೋಲಿ ಆಡೋಣ ಅಂತ. ಡೋರ್ ಲಾಕ್ ಆಗೋಯ್ತು.”

“ಬುದ್ಧಿ ಎಲ್ಲಿಟ್ಟಿದ್ದೆ?” ಲತಾಶ್ರೀ ಆಂಟಿಗೆ ಹೆದರಿಕೆಯೂ ಸಿಟ್ಟೂ ಒಟ್ಟಿಗೆ ಬಂದಿತ್ತು. “ಪಾಪ ಆ ಮಾನಸ ನೀನು ಬಾತ್‌ರೂಮಲ್ಲಿದೀಯ ಅಂದ್ಕೊಂಡಿದ್ಲು! ಅವಳಿಗೂ ಒಂದ್ ಮಾತು ಹೇಳ್ದೆ ಹೋಗಿದೀಯಲ್ಲ! ಬೇರೆಯವರ ಮನೇಲಿ ಹೀಗಾ ಮಾಡೋದು?”

ಈಗ ಹೇಳಬೇಕಿತ್ತು. ಮಾನಸಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಬಾಯಲ್ಲಿ ಕಡುಬು ತುರುಕಿದ ಹಾಗೆ ಅವಳು ಸುಮ್ಮನೆ ನಿಂತಿದ್ದಳು. ಆಂಟಿ ಮತ್ತು ಅನುವಿನ ಅಪ್ಪ ಅವಳನ್ನು ಕಂಬಳಿಯಲ್ಲಿ ಸುತ್ತಿ ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು.

ಸಂಜೆ ಫೋನ್ ಬಂತು. ಬೆರಳುಗಳು ಉಳಿಯುತ್ತವೆ. ಬೊಬ್ಬೆ ಎದ್ದಿವೆ, ಒಂದು ವಾರ ಸ್ಕೂಲಿಗೆ ಹೋಗುವಂತಿಲ್ಲ. ಇನ್ನು ಸ್ವಲ್ಪ ಹೊತ್ತು ನಿಂತಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರಂತೆ ಡಾಕ್ಟರ್.

ವಿಶ್ರುತ್ ಗ್ಯಾರೇಜಿನ ಮೆಟ್ಟಿಲ ಮೇಲೆ ಕುಳಿತಿದ್ದ. ಮಾನಸ ಪಕ್ಕದಲ್ಲಿ ಕುಳಿತಳು.

“ನಾನು ಕತೆ ಪೂರ್ತಿ ಹೇಳಿರಲಿಲ್ಲ ಕಣೇ,” ಎಂದ. “ನಮ್ಮ ಜೊತೆ ವಿಷ್ಣು ಅಂತ ಒಬ್ಬ ಪ್ಲೆಡ್ಜ್ ಇದ್ದ. ಇಲ್ಲೇ ಹತ್ರದ ಹಾಫ್‌ಮನ್ ಎಸ್ಟೇಟ್ಸ್‌ನವನು. ಕೆರೆ ಹತ್ರ ಎಲ್ಲರೂ ನಡುಗ್ತಿದ್ವಿ. ಅವನು ನಡುಗೋದು ನಿಲ್ಲಿಸಿದ. ನಾವು ಅವನನ್ನ ಟಫ್ ಅಂದ್ಕೊಂಡು ಚಪ್ಪಾಳೆ ತಟ್ಟಿದ್ವಿ. ಆಮೇಲೆ ಅವನು ಬಿದ್ದ. ಹಾಸ್ಪಿಟಲ್‌ನಲ್ಲಿ ಏನಾಯ್ತು ಅಂತ ಕೇಳಿದ್ರು. ಜಾಗಿಂಗ್ ಹೋಗಿದ್ದ ಅಂತ ನಾನೇ ಹೇಳಿದೆ.”

“ಈಗ ಅವ್ನು ಓಕೇನಾ?”

“ಗೊತ್ತಿಲ್ಲ. ಕಾಲೇಜ್ ಬಿಟ್ಟುಹೋದ. ನನ್ನ ಫೋನ್ ಎತ್ತಲ್ಲ.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ಈ ವರ್ಷ ಹೊಸಬರು ಬರ್ತಾರೆ. ಅವರ ಕೈಲಿ ಏನೇನು ಮಾಡಿಸ್ಬೇಕು ಅಂತ ಪ್ಲಾನ್ ಮಾಡೋನು ನಾನೇ.”

“ಅಮ್ಮಂಗೆ ಹೇಳ್ತೀಯಾ, ನಾನು ಮಾಡಿದ್ದು?”

“ನಿನ್ನ ಮೇಲೆ ಚಾಡಿ ಹೇಳೋಕೆ ನನಗೇನು ಮುಖ ಇದೆ?” ಎಂದ ವಿಶ್ರುತ್. ಸೋಮವಾರ ಅವನು ಕಾಲೇಜಿಗೆ ಹೊರಟಾಗ ಯಾರ ಜೊತೆಯೂ ತಮಾಷೆ ಮಾಡಲಿಲ್ಲ.

ಮಾನಸ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಮ್ಮ ಯಾರ ಜೊತೆಗೋ ಫೋನಿನಲ್ಲಿ “ಪಾಪ, ಆ ಮಗು” ಎಂದರೂ ಸಾಕು, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವಳು ಬೆಚ್ಚಿಬೀಳುತ್ತಿದ್ದಳು. ಬುಧವಾರ ಅಮ್ಮ ಬಿಸಿಬೇಳೆಬಾತ್ ಕಟ್ಟಿಕೊಂಡು ಅವಳನ್ನೂ ಅನುವಿನ ಅಪಾರ್ಟ್‌ಮೆಂಟಿಗೆ ಕರೆದೊಯ್ದಳು.

ಅನು ಹಾಸಿಗೆಯ ಮೇಲೆ ಕುಳಿತಿದ್ದಳು. ಎರಡು ಕಾಲಿಗೂ ಬಿಳಿ ಬ್ಯಾಂಡೇಜ್. ಮಾನಸಳನ್ನು ಕಂಡದ್ದೇ ಅವಳ ಮುಖ ಅರಳಿತು. ಬೈದಿದ್ದರೂ ಚೆನ್ನಾಗಿತ್ತು, ಮುಖ ತಿರುಗಿಸಿದ್ದರೂ ಚೆನ್ನಾಗಿತ್ತು. ಆ ನಗು ನೋಡಿ ಮಾನಸಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

“ನಾನು ಯಾರ್ಗೂ ಹೇಳ್ಲಿಲ್ಲ,” ಎಂದು ಅನು ಪಿಸುಗುಟ್ಟಿದಳು. “ಅಮ್ಮ ಎಷ್ಟು ಬೈದ್ರೂ ಹೇಳ್ಲಿಲ್ಲ. ಈಗ ನಾನು ಮೆಂಬರ್ ಅಲ್ವಾ?”

ಮಾನಸ ಬೆಡ್‌ಶೀಟಿನ ಅಂಚು ಮಡಚಿದಳು, ಬಿಚ್ಚಿದಳು.

“ಕೇಳು, ಕೇಳು,” ಎಂದಳು ಅನು. “ಮಾರ್ಚಲ್ಲಿ ಕಿಶೋರನ ಕಸಿನ್ ಬರ್ತಾಳಂತೆ, ಬೆಂಗಳೂರಿಂದ. ನೀಲಾ ಅಂತ. ಅವಳಿಗೆ ನಾನು ಟೆಸ್ಟ್ ಕೊಡ್ತೀನಿ.” ಅನುವಿನ ಕಣ್ಣು ಹೊಳೆಯುತ್ತಿತ್ತು. “ಉಪ್ಪಿನಕಾಯಿ ಬೇಡ, ಅದು ಈಸಿ. ನಾನೊಂದು ಯೋಚಿಸಿದೀನಿ. ಕಣ್ಣಿಗೆ ಬಟ್ಟೆ ಕಟ್ಟಿ, ಗ್ಯಾರೇಜಲ್ಲಿ ಕೂಡಿಹಾಕೋಣ. ನಾನು ಅಷ್ಟೊತ್ತು ನಿಂತಿದ್ದೀನಿ, ಅವಳು ಏನೂ ಮಾಡ್ದೆ ಮೆಂಬರ್ ಆಗ್ಬಾರ್ದು ಅಲ್ವಾ?”

ಮಾನಸ ಅವಳನ್ನೇ ನೋಡಿದಳು. ಸ್ನೋನಲ್ಲಿ ಕಾಲಿಟ್ಟು ಅಯ್ಯಪ್ಪಾ ಎಂದು ಕುಣಿದ ಹುಡುಗಿ ಇವಳೇ. ಈಗ ಮಾತಾಡುತ್ತಿದ್ದ ದನಿ ಮಾತ್ರ ಮಾನಸಳದು. ಅಷ್ಟೇ ಜಂಬ, ಅಷ್ಟೇ ಸಿಟ್ಟು. ಬೊಬ್ಬೆ ಆರುತ್ತವೆ ಎಂದು ಡಾಕ್ಟರ್ ಹೇಳಿದ್ದರು. ಇದರ ಬಗ್ಗೆ ಡಾಕ್ಟರಿಗೆ ಏನೂ ಗೊತ್ತಿರಲಿಲ್ಲ.

ಅವಳು ಎದ್ದು ಅಡುಗೆಮನೆಗೆ ಹೋದಳು. ಅಮ್ಮ ಮತ್ತು ಲತಾಶ್ರೀ ಆಂಟಿ ಕಾಫಿ ಕುಡಿಯುತ್ತಿದ್ದರು.

“ಆಂಟಿ, ಅನು ತಾನಾಗಿ ಹೋಗ್ಲಿಲ್ಲ. ನಾನು ಕಳ್ಸಿದೆ. ಚಿಲಕ ಹಾಕಿದ್ದೂ ನಾನೇ. ನೀವು ಕೇಳಿದಾಗ ನಂಗೆ ಗೊತ್ತಿತ್ತು.”

ಅಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಲತಾಶ್ರೀ ಆಂಟಿ ಅನುವಿನ ಕೋಣೆಯ ಕಡೆ ತಿರುಗಿ ನೋಡಿದರು. ಅವರ ಕಣ್ಣು ತುಂಬಿತು. “ನಾನು ಅವಳನ್ನ ನಾಲ್ಕು ದಿನದಿಂದ ಬೈತಾ ಇದೀನಲ್ಲೇ,” ಎಂದರು. ಮಾನಸಳನ್ನು ಒಂದು ಮಾತೂ ಬೈಯಲಿಲ್ಲ. ಅದಕ್ಕೇ ಅವಳಿಗೆ ತಲೆ ಎತ್ತಲಾಗಲಿಲ್ಲ.

ಹಿಂದೆ ಸದ್ದಾಯಿತು. ಅನು ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಡೆಯುತ್ತ ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಯಾಕೆ ಹೇಳ್ದೆ? ಈಗ ನೀನೇ ಔಟ್. ರೂಲ್ ಅಲ್ವಾ?”

“ರೂಲ್ ಇಲ್ಲ ಅನು. ಕ್ಲಬ್ಬೂ ಇಲ್ಲ. ಸುಮ್ನೆ ನಾನೂ ಕಿಶೋರನೂ ಹೇಳ್ಕೊತಿದ್ವಿ, ಅಷ್ಟೇ.”

ಅನು ತನ್ನ ಕಾಲಿನ ಬ್ಯಾಂಡೇಜ್ ನೋಡಿಕೊಂಡಳು. “ಹಾಗಾದ್ರೆ ನಾನು ಅಲ್ಲಿ ಯಾಕೆ ನಿಂತಿದ್ದೆ?”

ಮಾನಸ ತಲೆ ಎತ್ತಿ ಅವಳನ್ನು ನೋಡಿದಳು.

“ನಾನು ನಿಲ್ಲು ಅಂದೆ ಅಂತ,” ಎಂದಳು.